ಬೇಸಿಗೆಲಿ ನಾಯಿ ಬೆಕ್ಕು ಕೂರಿಸ್ಕೊಂಡು ಕೊಡಗಿಂದ ಕೆಳಗಿಳಿಯೋದು – ನನ್ನ ಅನುಭವ

ನಾನು ಮಡಿಕೇರಿಲಿ ಮಾರುತಿ ಈಕೋ ವ್ಯಾನ್ ಓಡಿಸ್ತೀನಿ, ಹಳದಿ ಬೋರ್ಡು. ಮೊದ್ಲೆಲ್ಲಾ ಹೋಮ್‌ಸ್ಟೇ ಗೆಸ್ಟು, ಏರ್‌ಪೋರ್ಟ್ ಡ್ರಾಪು, ಮದುವೆ ಬಾಡಿಗೆ ಇಷ್ಟೇ ಇತ್ತು, ಈಗ ಕೆಲವು ವರ್ಷದಿಂದ ನಾಯಿ ಬೆಕ್ಕಿನ ಬಾಡಿಗೆನೇ ಜಾಸ್ತಿ ಆಗ್ಬಿಟ್ಟಿದೆ. ತೋಟ ಮಾರಿ ಮಕ್ಕಳ ಜೊತೆ ಇರೋಕೆ ಬೆಂಗಳೂರಿಗೆ ಹೋಗೋ ವಯಸ್ಸಾದವರು, ದೊಡ್ಡ ಆಪರೇಷನ್ನಿಗೆ ಅಂತ ಮೈಸೂರಿಗೆ ಬರ್ಕೊಟ್ಟ ಕೇಸು, ಇಲ್ಲಿಂದ ಮರಿ ತಗೊಂಡ ಸಿಟಿಯವರು, ಹೀಗೆ. ಮಳೆಗಾಲದಲ್ಲಿ ಈ ಕೆಲಸ ಆರಾಮು, ಒಂದು ಟವೆಲ್ ಇದ್ರೆ ಸಾಕು. ಮಾರ್ಚ್ ಇಂದ ಮೇ ತನಕ ಮಾತ್ರ ನಾನು ತುಂಬಾ ಕಿರಿಕ್ ಮಾಡೋ ಡ್ರೈವರ್ ಅಂತ ಹೆಸರು ತಗೊಂಡಿದೀನಿ, ಯಾಕೆ ಅಂತ ಬರಿತೀನಿ.

ನಮ್ಮವರಿಗೆ ಒಂದು ಧೈರ್ಯ, ಕೊಡಗು ಅಂದ್ರೆ ತಂಪು ಅಂತ. ತಂಪೇ ನಿಜ, ಆದ್ರೆ ಅದೇ ತೊಂದ್ರೆ. ತೋಟದ ಮನೆ ನಾಯಿ ಇಡೀ ದಿನ ಕಾಫಿ ಗಿಡದ ಬುಡದಲ್ಲಿ, ಇಲ್ಲಾ ಜಗಲಿ ರೆಡ್ ಆಕ್ಸೈಡ್ ನೆಲದ ಮೇಲೆ ಹೊಟ್ಟೆ ಆನಿಸ್ಕೊಂಡು ಮಲಗಿರತ್ತೆ, ಅದರ ಮೈಗೆ ಬಿಸಿಲಿನ ಅಭ್ಯಾಸನೇ ಇಲ್ಲ. ಅಭ್ಯಾಸ ಆಗೋಕೆ ಕೆಲವು ವಾರ ಬೇಕು, ನಾವು ಎರಡೂವರೆ ಮೂರು ಗಂಟೆಲಿ ಮಡಿಕೇರಿಯಿಂದ ಮೈಸೂರಿಗೆ ಇಳಿಸಿಬಿಡ್ತೀವಿ. ಮಂಡ್ಯದ ಬೀದಿ ನಾಯಿ ಆರಾಮಾಗಿ ತಡಕೊಳ್ಳೋ ಬಿಸಿಲು ಸುಂಟಿಕೊಪ್ಪದ ನಾಯಿಗೆ ತಡಿಯಲ್ಲ. ಈಗಂತೂ ಬಯಲು ಸೀಮೆ ಬಿಡಿ, 2024ರ ಏಪ್ರಿಲ್‌ನಲ್ಲಿ ಬೆಂಗಳೂರೇ 38 ಡಿಗ್ರಿ ದಾಟಿತ್ತು.

ಎರಡನೇದು, ಜನ ಎಸಿ ಇದ್ಯಾ ಅಂತ ಮಾತ್ರ ಕೇಳ್ತಾರೆ. ಇದೆ ಅಂದ್ರೆ ಸಮಾಧಾನ ಆಗಿಬಿಡ್ತಾರೆ. ಎಸಿ ಇರೋದು ಮುಂದೆ, ನಾಯಿ ಇರೋದು ಹಿಂದೆ! ಈಕೋ ಓಡಿಸೋರಿಗೆ ಗೊತ್ತು, ಇಂಜಿನ್ ಮುಂದಿನ ಸೀಟಿನ ಕೆಳಗೆ ಕೂತಿರತ್ತೆ, ಎಸಿ ಗಾಳಿ ಬರೋದು ಡ್ಯಾಶ್‌ಬೋರ್ಡ್ ಇಂದ ಅಷ್ಟೇ. ಹಂಗಾಗಿ ಡ್ರೈವರ್ ಸೀಟಿನ ಬೆನ್ನ ಹಿಂದೆ ನೆಲದ ಮೇಲೆ ನಾಯಿ ಮಲಗಿಸಿದ್ರೆ ಅದು ಗಾಡಿಲೇ ಅತಿ ಬಿಸಿ ಜಾಗ. ಮುಂದೆ ಕೂತ ನಮಗೆ ಕೈ ತಣ್ಣಗಾಗ್ತಾ ಇರತ್ತೆ, ಸ್ವಲ್ಪ ಕಮ್ಮಿ ಮಾಡಿ ಅಣ್ಣಾ ಅಂತಾನೂ ಅಂತಾರೆ, ಅಲ್ಲಿ ಹಿಂದೆ ಅದು ಬೇಯ್ತಾ ಇರತ್ತೆ. ನಾನು ಮಾಡಿದ್ದು ಇಷ್ಟೇ, ರೂಮ್ ಟೆಂಪರೇಚರ್ ಮತ್ತು ತೇವಾಂಶ ಎರಡೂ ತೋರಿಸೋ ಚಿಕ್ಕ ಡಿಜಿಟಲ್ ಮೀಟರ್ ಸಿಗತ್ತಲ್ಲ, ಅದನ್ನ ಗೂಡಿನ ಸರಳಿಗೆ, ನಾಯಿ ಮಲಗಿದಾಗ ಅದರ ಮೂಗು ಎಲ್ಲಿ ಬರತ್ತೋ ಆ ಎತ್ತರಕ್ಕೆ ಹೊರಗಡೆಯಿಂದ ಕಟ್ಟಿದೆ. ಮೊದಲ ಸಲ ನೋಡ್ದಾಗ ಮುಂದೆ 24, ಹಿಂದೆ 33. ಅವತ್ತಿಂದ ನನಗೆ ಹೊರಗೆ ಎಷ್ಟು ಬಿಸಿಲು ಅನ್ನೋ ಲೆಕ್ಕ ಮುಖ್ಯ ಅಲ್ಲ, ಮೂಗಿನ ಹತ್ರ ಎಷ್ಟು ಅನ್ನೋದೇ ಲೆಕ್ಕ. ಅಲ್ಲಿ 26 ದಾಟಿದ್ರೆ ಏನಾದ್ರೂ ಮಾಡ್ತೀನಿ, 29 ಆದ್ರೆ ಗಾಡಿ ನಿಲ್ಲಿಸ್ತೀನಿ. ಇದು ನಾನೇ ಇಟ್ಕೊಂಡಿರೋ ಗೆರೆ, ಮೂತಿ ಚಪ್ಪಟೆ ಇರೋ ನಾಯಿಗೆ ಇದಕ್ಕಿಂತ ಕಮ್ಮಿ.

ಗಾಳಿ ಹಿಂದಕ್ಕೆ ಕಳಿಸೋಕೆ ಎರಡು ಸಣ್ಣ ಫ್ಯಾನ್, ಕ್ಲಿಪ್ ಇರೋದು, ಒಂದು ಮುಂದಿನ ಎರಡು ಸೀಟಿನ ಮಧ್ಯೆ ಹಿಂದಕ್ಕೆ ಮುಖ ಮಾಡಿ, ಇನ್ನೊಂದು ಗೂಡಿನ ಪಕ್ಕ. ಗೂಡನ್ನ ಹಿಂದಿನ ಡಿಕ್ಕಿ ಕಡೆಗೆ ತಳ್ಳಿ, ಕೆಳಗೆ ಪ್ಲೈವುಡ್ ಹಲಗೆ, ಅದರ ಮೇಲೆ ರಬ್ಬರ್ ಮ್ಯಾಟು. ಇಷ್ಟು ಮಾಡಿದ ಮೇಲೆ ಮುಂದೆ ಹಿಂದೆ ವ್ಯತ್ಯಾಸ ಎರಡು ಮೂರು ಡಿಗ್ರಿಗೆ ಇಳೀತು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸೋದನ್ನ 2012ರಲ್ಲೇ ಸುಪ್ರೀಂ ಕೋರ್ಟ್ ಬಂದ್ ಮಾಡಿದೆ, ಪೊಲೀಸ್ರು ಹಿಡೀತಾರೆ, ಆದ್ರಿಂದ ಬಿಸಿಲು ಬೀಳೋ ಕಡೆ ಗಾಜಿಗೆ ಬಿಳಿ ಪಂಚೆ ಬಟ್ಟೆ ಕ್ಲಿಪ್ ಹಾಕಿ ಬಿಡ್ತೀನಿ. ಮಡಿಕೇರಿಯಿಂದ ಬೆಂಗಳೂರಿಗೆ ಬೆಳಿಗ್ಗೆ ಹೋಗುವಾಗ ಸೂರ್ಯ ಮುಂದೆ ಮತ್ತು ಬಲಗಡೆ ಇರ್ತಾನೆ, ಬಟ್ಟೆ ಯಾವ ಕಡೆಗೆ ಅನ್ನೋದನ್ನ ಹೊರಡೋ ಮುಂಚೆನೇ ಯೋಚನೆ ಮಾಡ್ಕೊಬೇಕು.

ನಾಯಿಗೆ ನಮ್ಮ ತರ ಮೈಯೆಲ್ಲಾ ಬೆವರಲ್ಲ, ಪಾದದ ಅಡಿಲಿ ಸ್ವಲ್ಪ ಅಷ್ಟೇ. ಅದರ ಕೂಲಿಂಗ್ ಸಿಸ್ಟಮ್ ನಾಲಿಗೆ ಮತ್ತು ಉಸಿರು. ಬಾಯಿ ತೆಗೆದು ತೇಕ್ತಾ ಒಳಗಿನ ತೇವ ಆರಿಸಿ ರಕ್ತ ತಣ್ಣಗೆ ಮಾಡ್ಕೊಳ್ಳತ್ತೆ. ಗಾಳಿಲೇ ತೇವಾಂಶ ಜಾಸ್ತಿ ಇದ್ರೆ ಆ ತೇವ ಆರೋದೇ ಇಲ್ಲ, ಎಷ್ಟು ತೇಕಿದ್ರೂ ವೇಸ್ಟು, ಬರೀ ಸುಸ್ತು. ಅದಕ್ಕೇ ನನಗೆ ಮೈಸೂರು ದಾರಿಗಿಂತ ಮಂಗಳೂರು ಕಡೆಗೆ ಇಳಿಯೋ ಸಂಪಾಜೆ ದಾರಿ ಭಯ ಜಾಸ್ತಿ. ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯೋದ್ರಲ್ಲಿ ಸಾವಿರ ಮೀಟರ್ ಹತ್ತಿರ ಕೆಳಗೆ ಹೋಗಿರ್ತೀವಿ, ಅಷ್ಟು ಇಳಿದ್ರೆ ಆರೇಳು ಡಿಗ್ರಿ ಏರತ್ತೆ, ಮೇಲಿಂದ ಕರಾವಳಿ ಸೆಖೆ. ಮಂಗಳೂರಲ್ಲಿ 33 ಇದ್ದು ಮೈಸೂರಲ್ಲಿ 36 ಇದ್ರೆ ನಾನು ಮೈಸೂರಿಗೆ ಹೋಗೋಕೆ ಒಪ್ತೀನಿ, ಮಂಗಳೂರಿಗೆ ಯೋಚನೆ ಮಾಡ್ತೀನಿ. ನಮ್ಮಲ್ಲೂ ಅಷ್ಟೇ, ಹೂಮಳೆ (ಕಾಫಿ ಹೂ ಬಿಡಿಸೋ ಬೇಸಿಗೆ ಮಳೆ) ಬಿದ್ದ ಮಾರನೇ ದಿನ ಬಿಸಿಲು ಬಂದ್ರೆ ಮೀಟರಲ್ಲಿ ಡಿಗ್ರಿ ಕಮ್ಮಿ ಕಾಣತ್ತೆ ಆದ್ರೆ ನಾಯಿ ತೇಕೋದು ಜಾಸ್ತಿ.

ಸಂಪಾಜೆ ಘಾಟಿಲಿ ಇನ್ನೊಂದಿದೆ. ಇಳಿಯುವಾಗ ತಿರುವಿಗೆ ನಾಯಿಗೆ ವಾಂತಿ, ಹತ್ತುವಾಗ ಗಾಡಿಗೆ ಕಷ್ಟ. ಲೋಡ್ ಇದ್ದು ಎಸಿ ಹಾಕಿದ್ರೆ ಈಕೋ ಎಳೆಯಲ್ಲ, ಹಂಗಾಗಿ ಹತ್ತುವಾಗ ಎಲ್ಲರೂ ಎಸಿ ಆಫ್ ಮಾಡ್ತಾರೆ, ಇಂಜಿನ್ ಅತಿ ಬಿಸಿ ಆಗೋದೂ ಅದೇ ಹೊತ್ತಲ್ಲೇ. ಅಂಥಾ ಕಡೆ ಎರಡೂ ಬದಿ ಗಾಜು ಪೂರ್ತಿ ಇಳಿಸಿ ಅಡ್ಡ ಗಾಳಿ ಆಡೋಕೆ ಬಿಡಬೇಕು, ಗೂಡಿನ ಬಾಗಿಲು ಲಾಕ್ ಇದ್ಯಾ ಅಂತ ಎರಡು ಸಲ ನೋಡಿ. ವಾಪಸ್ ಬರೋದನ್ನ ನಾನು ರಾತ್ರಿಗೇ ಇಟ್ಕೊಳ್ಳೋದು.

ಹೊರಡೋ ಟೈಮ್ ಬಗ್ಗೆನೇ ಜಗಳ ಜಾಸ್ತಿ. ನಾನು ಹೇಳೋದು ಬೆಳಿಗ್ಗೆ ನಾಲ್ಕೂವರೆ. ಅಷ್ಟೊತ್ತಿಗೆ ಹೊರಟ್ರೆ ಏಳೂಕಾಲಿಗೆ ಮೈಸೂರು ರಿಂಗ್ ರೋಡ್, ಹತ್ತರ ಒಳಗೆ ಕೆಂಗೇರಿ. ಬಿಸಿಲು ಏರೋ ಮುಂಚೆ ನಾಯಿ ಮನೆ ಒಳಗೆ. ಅದಕ್ಕೆ ಅವರು, ಅಷ್ಟೊತ್ತಿಗೆ ಯಾರು ಏಳ್ತಾರೆ, ತಿಂಡಿ ತಿಂದು ಒಂಬತ್ತಕ್ಕೆ ಹೊರಡೋಣ ಅಂತಾರೆ. ಒಂಬತ್ತಕ್ಕೆ ಹೊರಟ್ರೆ ಮಂಡ್ಯ ಮದ್ದೂರು ಚನ್ನಪಟ್ಟಣ ಸರಿಯಾಗಿ ನಡು ಮಧ್ಯಾಹ್ನಕ್ಕೆ ಸಿಗತ್ತೆ. ಸಾಯಂಕಾಲ ಐದಕ್ಕೆ ಹೊರಡೋದೂ ಅಷ್ಟು ಒಳ್ಳೇದಲ್ಲ, ಸೂರ್ಯ ಮುಳುಗಿದ್ರೂ ಟಾರ್ ರೋಡು ಎಂಟು ಗಂಟೆ ತನಕ ಬಿಸಿ ಉಗುಳ್ತಾ ಇರತ್ತೆ. ನಾಯಿ ಇಳಿಸೋ ಮುಂಚೆ ಕೈ ಹಿಂಭಾಗ ರೋಡಿನ ಮೇಲೆ ಇಟ್ಟು ಏಳು ಎಣಿಸಿ, ನಿಮಗೆ ಆಗಲಿಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ, ಮಣ್ಣು ಹುಲ್ಲು ಇರೋ ಕಡೆ ಹುಡುಕಿ.

ನಾಲ್ಕೂವರೆಗೆ ಹೊರಡೋದ್ರಲ್ಲಿ ನಮ್ಮೂರಿನ ತೊಂದ್ರೆ ಇದೆ, ಆನೆ. ಸುಂಟಿಕೊಪ್ಪ ದಾಟಿ ಆನೆಕಾಡು, ಆ ಕಡೆ ಸಿದ್ದಾಪುರ ಮಾಲ್ದಾರೆ, ಗೋಣಿಕೊಪ್ಪ ಕಡೆಯವರಿಗೆ ತಿತಿಮತಿ ಆನೆಚೌಕೂರು, ಈ ಜಾಗದಲ್ಲೆಲ್ಲಾ ಮುಂಜಾನೆ ರೋಡಿಗೆ ಬಂದು ನಿಂತಿರ್ತಾವೆ. ಗಾಡಿ ಒಳಗೆ ನಾಯಿ ಬೊಗಳೋಕೆ ಶುರು ಮಾಡಿದ್ರೆ ಕಥೆ ಬೇರೆ. ಕಾಡು ಇರೋ ಭಾಗದಲ್ಲಿ ಗಾಜು ಏರಿಸಿ, ಎಸಿ ಹಾಕಿ, ನಿಧಾನಕ್ಕೆ, ಹಾರ್ನ್ ಇಲ್ಲದೆ. ಆ ಹೊತ್ತಲ್ಲಿ ಹೇಗೂ ತಂಪಿರತ್ತೆ, ನಿಧಾನ ಆದ್ರೆ ನಷ್ಟ ಏನಿಲ್ಲ.

ಇನ್ನು ಗೂಡು. ಫ್ಲೈಟಿಗೆ ಅಂತ ಬರೋ ಪ್ಲಾಸ್ಟಿಕ್ ಗೂಡು ನೋಡೋಕೆ ಗಟ್ಟಿ, ಆದ್ರೆ ಗಾಳಿ ಮುಂದಿನ ಬಾಗಿಲಿಂದ ಮತ್ತೆ ಪಕ್ಕದ ಸಣ್ಣ ಕಿಂಡಿಯಿಂದ ಮಾತ್ರ. ಬೇಸಿಗೆಗೆ ನನಗೆ ತಂತಿ ಗೂಡೇ ಸರಿ, ನಾಲ್ಕೂ ಕಡೆಯಿಂದ ಗಾಳಿ ಆಡತ್ತೆ. ನಾಯಿ ಪೂರ್ತಿ ಎದ್ದು ನಿಂತು, ಒಂದು ಸುತ್ತು ತಿರುಗಿ, ಕಾಲು ಚಾಚಿ ಮಲಗೋಕೆ ಆಗ್ಬೇಕು, ಅದಕ್ಕಿಂತ ದೊಡ್ಡದಾದ್ರೆ ತಿರುವಲ್ಲಿ ಅತ್ತಿತ್ತ ಬೀಳತ್ತೆ. ಹೆದರ್ಕೊಳ್ಳತ್ತೆ ಅಂತ ಮೇಲೆ ದಪ್ಪ ಬೆಡ್‌ಶೀಟ್ ಹೊದೆಸೋದು ಬೇಡ. ಒಳಗೆ ಹಾಸೋಕೆ ಜನ ಮನೆಯಿಂದ ಕಂಬಳಿ ತರ್ತಾರೆ, ಪಾಪ ಪ್ರೀತಿಯಿಂದ, ನಾನು ತೆಗೆದಿಡ್ತೀನಿ. ಕಾಫಿ ತುಂಬೋ ಗೋಣಿ ಚೀಲಕ್ಕಿಂತ ಒಳ್ಳೆ ಹಾಸಿಗೆ ಇಲ್ಲ, ಕೆಳಗೂ ಗಾಳಿ ಆಡತ್ತೆ, ಉಗುರಿಗೆ ಹಿಡಿತ ಸಿಗತ್ತೆ, ಉಚ್ಚೆ ಹೊಯ್ದ್ರೆ ಎಸೆದು ಇನ್ನೊಂದು ಹಾಕೋದು. ಗೊಬ್ಬರ ತುಂಬಿದ ಚೀಲ ಮಾತ್ರ ಬೇಡ, ತೊಳೆದಿದ್ರೂ ಬೇಡ.

ಐಸ್ ವಿಷಯ. ಹಿಂದಿನ ರಾತ್ರಿ ಲೀಟರ್ ಬಾಟಲಿ ನಾಲ್ಕೈದು ತುಂಬಿ ಫ್ರೀಜರಿಗೆ ಹಾಕ್ತೀನಿ (ಕರೆಂಟ್ ಇದ್ರೆ, ನಮ್ಮೂರಲ್ಲಿ ಗಾಳಿ ಮಳೆ ಬಂದ ರಾತ್ರಿ ಅದೂ ಗ್ಯಾರಂಟಿ ಇಲ್ಲ). ಬೆಳಿಗ್ಗೆ ಹಳೇ ಕಾಟನ್ ಬಟ್ಟೆ ಸುತ್ತಿ ಗೂಡಿನ ಒಂದು ಪಕ್ಕಕ್ಕೆ ಮಾತ್ರ ಇಡೋದು, ಎರಡೂ ಪಕ್ಕಕ್ಕೆ ಅಲ್ಲ. ತಂಪು ಬೇಕು ಅನಿಸಿದ್ರೆ ಅದೇ ಬಂದು ಒರಗತ್ತೆ, ಬೇಡ ಅಂದ್ರೆ ಆ ಕಡೆ ಹೋಗತ್ತೆ. ಕರಗಿದ ಮೇಲೆ ಅದೇ ಕುಡಿಯೋ ನೀರು. ನೀರು ಮನೇದೇ ತನ್ನಿ ಅಂತ ಹೇಳ್ತೀನಿ, ತೋಟದ ಬಾವಿ ನೀರು ಕುಡಿದು ಬೆಳೆದ ನಾಯಿ ಹೋಟೆಲ್ ನೀರು ಮೂಸಿ ನೋಡಿ ಬಿಟ್ಟುಬಿಡತ್ತೆ, ಕ್ಲೋರಿನ್ ವಾಸನೆಗೋ ಏನೋ.

ಊಟದ ಬಗ್ಗೆ ಹೇಳಿ ಹೇಳಿ ಸಾಕಾಗಿದೆ. ಪ್ರಾಣಿ ಸಾಗಾಣಿಕೆಗೆ ಅಂತ 1978ರ ಕೇಂದ್ರದ ನಿಯಮಗಳೇ ಇವೆ, ಅದರಲ್ಲಿ ನಾಯಿ ಬೆಕ್ಕಿಗೆ ಹೊರಡೋಕೆ ಕನಿಷ್ಠ ಎರಡು ಗಂಟೆ ಮುಂಚೆ ತಿನ್ನಿಸಿ ನೀರು ಕೊಟ್ಟಿರಬೇಕು, ಹಸಿದುಕೊಂಡೋ ಬಾಯಾರಿಕೊಂಡೋ ಇರೋದನ್ನ ತುಂಬಬಾರದು ಅಂತಿದೆ. ನಮ್ಮ ದಾರಿಲಿ ತಿರುವು ಜಾಸ್ತಿ ಇರೋದ್ರಿಂದ ನಾನು ಹಿಂದಿನ ರಾತ್ರಿ ಹೊಟ್ಟೆ ತುಂಬ, ಬೆಳಿಗ್ಗೆ ಎದ್ದ ತಕ್ಷಣ ಎರಡು ತುತ್ತು ಮೊಸರನ್ನ, ನೀರು ಎಷ್ಟು ಬೇಕೋ ಅಷ್ಟು ಅಂತೀನಿ. ಒಬ್ರು ಆಂಟಿ, "ಇವನು ಇನ್ನು ಕೊಡಗಿನ ಊಟ ಯಾವಾಗ ಮಾಡ್ತಾನೋ" ಅಂತ ಹೊರಡೋ ಮುಂಚೆ ಪಂದಿ ಕರಿ ಕಲಸಿ ಕೊಟ್ಟಿದ್ರು. ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ, ಕೊಬ್ಬು ಹೊಟ್ಟೆ ಕೆಡಿಸತ್ತೆ, ವಾಂತಿ ಭೇದಿ ಆದ್ರೆ ಮೈಯ ನೀರೆಲ್ಲಾ ಹೋಗಿ ಬಿಸಿಲು ಇನ್ನೂ ಬೇಗ ಹೊಡಿಯತ್ತೆ. ಕುಶಾಲನಗರ ತಲುಪೋ ಅಷ್ಟರಲ್ಲಿ ಪಂದಿ ಕರಿ ಪೂರ್ತಿ ನನ್ನ ಮ್ಯಾಟ್ ಮೇಲಿತ್ತು, ಆಂಟಿ ಪಾಪ ಇಳಿದು ತಾವೇ ತೊಳೆದ್ರು.

ಎಲ್ಲಾ ನಾಯಿನೂ ಒಪ್ಕೊಳ್ಳಲ್ಲ ನಾನು. ಪಗ್, ಶಿಟ್ಜು, ಬುಲ್‌ಡಾಗ್ ಇಂಥಾ ಮೂತಿ ಒತ್ತಿದಂತಿರೋವು, ಬೆಕ್ಕಲ್ಲಿ ಪರ್ಷಿಯನ್, ಇವಕ್ಕೆ ಮೂಗಿನ ದಾರಿನೇ ಸಣ್ಣದು, ತೇಕಿದ್ರೂ ಗಾಳಿ ಸಾಕಾಗಲ್ಲ. ಇವನ್ನ ಬೇಸಿಗೆಲಿ ಬೆಳಗಿನ ಜಾವ ಬಿಟ್ರೆ ಇನ್ಯಾವ ಟೈಮಿಗೂ ಹಾಕಲ್ಲ, ಎಷ್ಟು ದುಡ್ಡು ಕೊಟ್ರೂ. ದಪ್ಪ ಆಗಿರೋ ಲ್ಯಾಬ್, ಹಾರ್ಟ್ ತೊಂದ್ರೆ ಇರೋದು, ತುಂಬಾ ವಯಸ್ಸಾದ್ದು, ಇವೂ ಅದೇ ಲಿಸ್ಟು. ತೋಟದ ನಾಯಿಲಿ ಇನ್ನೊಂದು ಇದೆ, ಅದು ಸಿಟಿಯವರಿಗೆ ಹೊಳೆಯಲ್ಲ. ಉಣ್ಣಿ. ಬೇಸಿಗೆಲಿ ಉಣ್ಣಿ ಹತ್ತಿ ಹತ್ತಿ ಟಿಕ್ ಫೀವರ್ ಒಳಗೊಳಗೇ ಇರತ್ತೆ, ಜ್ವರ ಸಣ್ಣಗೆ, ರಕ್ತ ಕಮ್ಮಿ, ಓನರ್‌ಗೆ ಸ್ವಲ್ಪ ಡಲ್ ಅನ್ನಿಸಿರತ್ತೆ ಅಷ್ಟೇ. ಅಂಥಾ ನಾಯಿ ಮೊದಲೇ ಬಿಸಿ ಇರತ್ತೆ, ಗಾಡಿಲಿ ಹಾಕಿದ್ರೆ ಕೇಳಬೇಕಾ. ಅದಕ್ಕೆ ನಾನು ಹೊರಡೋ ಹಿಂದಿನ ದಿನ ವಸಡಿನ ಫೋಟೋ ಕಳಿಸಿ ಅಂತೀನಿ, ಗುಲಾಬಿ ಬಣ್ಣ ಇರಬೇಕು, ಬಿಳುಚಿಕೊಂಡಿದ್ರೆ ಮೊದ್ಲು ಡಾಕ್ಟರ್ ಹತ್ರ ಹೋಗಿ. ಡಾಕ್ಟರ್ ಹತ್ರ ಹೋದಾಗ ಪ್ರಯಾಣಕ್ಕೆ ಫಿಟ್ ಇದೆ ಅಂತ ಸರ್ಟಿಫಿಕೇಟೂ ಬರೆಸ್ಕೊಳ್ಳಿ, ರೇಬೀಸ್ ಇಂಜೆಕ್ಷನ್ ಪುಸ್ತಕ ಹೇಗೂ ಬೇಕು.

ನಿದ್ದೆ ಮಾತ್ರೆ ಕೊಟ್ಟು ಕಳಿಸ್ಲಾ ಅಂತ ಕೇಳೋರು ಬೇಕಾದಷ್ಟು. ಬೇಡ. ಮಂಪರು ಬರಿಸೋ ಔಷಧಿ ಕೆಲವು ಬಿಪಿ ಇಳಿಸ್ತಾವೆ, ಮೈಬಿಸಿ ಹತೋಟಿ ತಪ್ಪಿಸ್ತಾವೆ, ತೇಕಬೇಕಾದ ಹೊತ್ತಲ್ಲಿ ನಾಯಿ ಮಲಗಿಬಿಟ್ಟಿರತ್ತೆ, ನಾವು ಆಹಾ ಎಷ್ಟು ಒಳ್ಳೇದು ಅಂತ ಗಾಡಿ ಓಡಿಸ್ತಾ ಇರ್ತೀವಿ. ಕೊಡ್ಲೇಬೇಕು ಅಂದ್ರೆ ಆ ನಾಯಿನ ನೋಡಿದ ಡಾಕ್ಟರ್ ಬರೆದುಕೊಟ್ಟದ್ದೇ ಆಗ್ಬೇಕು. ಬಾಯಿಗೆ ಬಟ್ಟೆ ಕಟ್ಟೋದು, ಟೈಟ್ ನೈಲಾನ್ ಪಟ್ಟಿ ಹಾಕೋದೂ ಬೇಡ, ಬಾಯಿ ಮುಚ್ಚಿದ್ರೆ ತೇಕೋದು ಹೇಗೆ? ಕಚ್ಚೋ ನಾಯಿ ಆದ್ರೆ ಬುಟ್ಟಿ ತರದ ಜಾಲರಿ ಬಾಯಿಕುಕ್ಕೆ ಹಾಕಿ, ಅದರೊಳಗೆ ಬಾಯಿ ತೆಗೆಯೋಕೂ ನೀರು ಕುಡಿಯೋಕೂ ಆಗತ್ತೆ.

ಬೆಕ್ಕಿನವರಿಗೆ ಒಂದೇ ಮಾತು, ಆ ಬೆನ್ನಿಗೆ ಹಾಕ್ಕೊಳ್ಳೋ ಗುಮ್ಮಟದ ಬ್ಯಾಗ್ ಇದ್ಯಲ್ಲ, ಮುಂದೆ ಪಾರದರ್ಶಕ ಪ್ಲಾಸ್ಟಿಕ್ಕು, ಒಳಗಿಂದ ಬೆಕ್ಕು ಇಣುಕ್ತಾ ಇರತ್ತೆ, ಅದನ್ನ ಬೇಸಿಗೆಲಿ ತರಬೇಡಿ. ಬಿಸಿಲು ಬಿದ್ರೆ ನರ್ಸರಿ ಪಾಲಿಹೌಸ್ ಇದ್ದ ಹಾಗೆ. ಜಾಲರಿ ಬಾಸ್ಕೆಟ್, ಮೂರು ಕಡೆಗೆ ತೆಳ್ಳನೆ ಕಾಟನ್ ಬಟ್ಟೆ, ಒಂದು ಕಡೆ ಗಾಳಿಗೆ ಓಪನ್. ನಾಯಿ ತೇಕೋದು ಮಾಮೂಲಿ, ಬೆಕ್ಕು ಬಾಯಿ ತೆಗೆದು ತೇಕ್ತಾ ಇದ್ರೆ ಅದು ಮಾಮೂಲಿ ಅಲ್ಲ, ಹೆದರಿಕೆನೋ ಬಿಸಿನೋ ಜೋರಾಗಿದೆ ಅಂತ ಅರ್ಥ, ತಕ್ಷಣ ನಿಲ್ಲಿಸಿ. ನಿಲ್ಲಿಸಿದಾಗ ಬಾಗಿಲು ಮಾತ್ರ ತೆಗೀಬೇಡಿ, ಹುಣಸೂರು ಬಸ್ ಸ್ಟ್ಯಾಂಡಲ್ಲಿ ಬೆಕ್ಕು ಹುಡುಕೋ ಕೆಲಸ ಯಾರಿಗೂ ಬೇಡ. ಹಂಗೇ ಗಿಳಿ ತಗೊಂಡು ಹೋಗ್ತೀರಾ ಅಂತಾನೂ ಫೋನ್ ಬರತ್ತೆ, ನಮ್ಮ ಕಾಡು ಗಿಳಿ ಸಾಕೋದೇ ವನ್ಯಜೀವಿ ಕಾನೂನಿಗೆ ವಿರುದ್ಧ, ಚೆಕ್‌ಪೋಸ್ಟಲ್ಲಿ ನಾನ್ಯಾಕೆ ಸಿಕ್ಕಿಬೀಳಲಿ.

ನಿಲ್ಲಿಸೋ ಜಾಗಗಳು ನನಗೆ ಫಿಕ್ಸ್ ಆಗಿದಾವೆ. ಪಿರಿಯಾಪಟ್ಟಣ ಹುಣಸೂರು ಮಧ್ಯೆ ಮರ ಇರೋ ಒಂದು ಕಡೆ, ಮತ್ತೆ ಮೈಸೂರಿಗೆ ಮುಂಚೆ ಇಲವಾಲದ ಹತ್ರ. ಮೈಸೂರಿಂದ ಆಚೆ 2023ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಹೈವೇಲಿ ಟೈಮ್ ಉಳಿಯತ್ತೆ ನಿಜ, ಆದ್ರೆ ನೆರಳೇ ಇಲ್ಲ, ಬೇಕಾದ ಕಡೆ ನಿಲ್ಲಿಸೋಕೂ ಆಗಲ್ಲ, ಎರಡೂ ಕಡೆ ಬೇಲಿ. ಅದಕ್ಕೆ ಹತ್ತೋ ಮುಂಚೆನೇ ನೀರು ಕುಡಿಸಿ ಮೂತ್ರ ಮಾಡಿಸಿ, ಎಲ್ಲೆಲ್ಲಿ ಸರ್ವಿಸ್ ರೋಡಿಗೆ ಇಳೀಬಹುದು ಅಂತ ತಿಳ್ಕೊಂಡಿರಬೇಕು.

ಆ ತಿಳುವಳಿಕೆ ಉಪಯೋಗಕ್ಕೆ ಬಂದದ್ದು ಒಂದು ಏಪ್ರಿಲಲ್ಲಿ. ಸಿದ್ದಾಪುರ ಕಡೆಯ ಲ್ಯಾಬ್, ಹೆಸರು ಬ್ರೂನೋ, ನಲವತ್ತು ಕಿಲೋ ಹತ್ರ. ಬೀಳ್ಕೊಡೋಕೆ ನೆಂಟರು ಬಂದು ಕೂತು ಹೊರಡೋದೇ ತಡ ಆಗಿತ್ತು. ಮಂಡ್ಯ ಹತ್ರ ಹೋಗ್ತಾ ಇದ್ದಾಗ ಎಸಿ ಬೆಲ್ಟ್ ಕಟ್ ಆಯ್ತು. ಐದು ನಿಮಿಷಕ್ಕೆ ಹಿಂದಿನ ಮೀಟರ್ 31, ಆಮೇಲೆ 34. ಗಾಜು ಇಳಿಸಿದ್ರೆ ಬರೋ ಗಾಳಿನೇ ಒಲೆ ಮುಂದೆ ಕೂತಷ್ಟು ಬಿಸಿ. ಮೀಟರ್‌ಗಿಂತ ಮೊದಲು ನನಗೆ ಗೊತ್ತಾಗಿದ್ದು ಸದ್ದಲ್ಲಿ, ಅದುವರೆಗೂ ಹಾ ಹಾ ಅಂತ ಹಗುರಾಗಿ ಇದ್ದ ತೇಕು ಗರಗರ ಅಂತ ಗಂಟಲಿಂದ ಬರೋಕೆ ಶುರು ಆಯ್ತು. ತಿರುಗಿ ನೋಡಿದ್ರೆ ನಾಲಿಗೆ ತುದಿ ಅಗಲ ಆಗಿ ಜೋತು ಬಿದ್ದಿದೆ, ಜೊಲ್ಲು ದಾರ ದಾರ, ವಸಡು ಇಟ್ಟಿಗೆ ಕೆಂಪು, ಹೆಸರು ಕರೆದ್ರೆ ನೋಡ್ತಾನೇ ಇಲ್ಲ. ಬ್ರೂನೋನ ಸಾಕಿದ ಆಂಟಿ "ಬೇಗ ಓಡಿಸಿ, ಬೆಂಗಳೂರಲ್ಲಿ ಡಾಕ್ಟರ್ ಇದಾರೆ" ಅಂತ ಅಳ್ತಾ ಇದ್ರು. ನಾನು ಸರ್ವಿಸ್ ರೋಡಿಗೆ ಇಳಿಸಿದೆ. ಕಬ್ಬಿನ ಗದ್ದೆಗೆ ಪಂಪ್‌ಸೆಟ್ ಓಡ್ತಾ ಇತ್ತು, ಪಕ್ಕದಲ್ಲಿ ಹೊಂಗೆ ಮರ. ಗದ್ದೆಯವರು ಏನೂ ಕೇಳದೆ ಪೈಪ್ ಈ ಕಡೆ ತಿರುಗಿಸಿದ್ರು, ಮರದ ಕೆಳಗೆ ಮಲಗಿಸಿ ಹೊಟ್ಟೆ, ತೊಡೆ ಸಂದು, ಕಂಕುಳ, ಪಾದ ಎಲ್ಲಾ ನೆನೆಯೋ ಹಾಗೆ ನೀರು ಬಿಟ್ವಿ, ಇನ್ನೊಬ್ರು ಟವೆಲ್ ಹಿಡ್ಕೊಂಡು ಗಾಳಿ ಬೀಸ್ತಾ ಇದ್ರು.

ಇಲ್ಲಿ ಒಂದಷ್ಟು ವಿಷಯ ಹೇಳ್ಬೇಕು, ಯಾಕಂದ್ರೆ ಜನ ಉಲ್ಟಾ ಮಾಡ್ತಾರೆ. ಮೊದಲು ತಣ್ಣಗೆ ಮಾಡೋದು, ಆಮೇಲೆ ಡಾಕ್ಟರ್ ಹತ್ರ ಓಡೋದು. ಅರ್ಧ ಗಂಟೆ ಬಿಸಿ ಗಾಡಿಲೇ ಓಡಿಸಿದ್ರೆ ಆ ಅರ್ಧ ಗಂಟೆಲೇ ಒಳಗಿನ ಅಂಗಾಂಗ ಕೆಡೋದು. ಒದ್ದೆ ಟವೆಲ್ ಹೊದೆಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಬೆಚ್ಚಗಾಗಿ ಬಿಸಿ ಹಿಡಿದಿಡತ್ತೆ, ಹರಿಯೋ ನೀರು ಮತ್ತೆ ಗಾಳಿ ಬೇಕು. ಐಸ್‌ಗೆ ಕಾಯ್ತಾ ಕೂರಬೇಡಿ, ನಲ್ಲಿ ನೀರು ಸಾಕು. ಪ್ರಜ್ಞೆ ಸರಿ ಇಲ್ಲದ ನಾಯಿ ಬಾಯಿಗೆ ನೀರು ಸುರಿಯೋದು ಬೇಡ, ಶ್ವಾಸಕ್ಕೆ ಹೋಗತ್ತೆ, ತಾನಾಗೇ ನೆಕ್ಕಿದ್ರೆ ಕುಡೀಲಿ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಜ್ವರ ಅಲ್ಲ, ಬೆಕ್ಕಿಗಂತೂ ಅದು ಪ್ರಾಣ ತೆಗೆಯತ್ತೆ. ನನ್ನ ಹತ್ರ ಮನುಷ್ಯರ ಡಿಜಿಟಲ್ ಥರ್ಮಾಮೀಟರ್ ಯಾವಾಗ್ಲೂ ಇರತ್ತೆ, ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದಲ್ಲಿ ಇಟ್ಟು ನೋಡೋದು. ನಾಯಿಗೆ 101 ರಿಂದ 102.5 ಫ್ಯಾರನ್‌ಹೀಟ್ ಮಾಮೂಲಿ, 104 ದಾಟಿದ್ರೆ ಗಾಬರಿ ಪಡಬೇಕಾದ್ದು, 105ಕ್ಕೆ ಮೇಲೆ ಎಮರ್ಜೆನ್ಸಿ. ಬ್ರೂನೋಗೆ 105.2 ಇತ್ತು. 103ಕ್ಕೆ ಬಂದ ಮೇಲೆ ನೀರು ನಿಲ್ಲಿಸಿದ್ವಿ, ಅದಕ್ಕಿಂತ ಇಳಿಸ್ತಾ ಹೋದ್ರೆ ಆಮೇಲೆ ತಾನಾಗೇ ಜಾಸ್ತಿ ಇಳಿದು ನಡುಗೋಕೆ ಶುರು ಆಗತ್ತೆ. ಎದ್ದು ಬಾಲ ಆಡಿಸಿದ, ಆಂಟಿ ಇನ್ನೇನು ಬೇಡ ಹೋಗೋಣ ಅಂದ್ರು. ಆದ್ರೂ ಮಂಡ್ಯ ಒಳಗೆ ಹೋಗಿ ಡಾಕ್ಟರಿಗೆ ತೋರಿಸಿ ಡ್ರಿಪ್ ಹಾಕಿಸಿ, ಬೆಲ್ಟ್ ರಿಪೇರಿ ಮಾಡಿಸ್ಕೊಂಡು ಸಾಯಂಕಾಲ ಏಳಾದ ಮೇಲೇ ಹೊರಟಿದ್ದು. ಕಿಡ್ನಿ, ರಕ್ತ ಹೆಪ್ಪುಗಟ್ಟೋ ತೊಂದ್ರೆ ಎಲ್ಲಾ ಒಂದೆರಡು ದಿನ ಬಿಟ್ಟೂ ಕಾಣಿಸ್ಕೊಳ್ಳತ್ತೆ ಅಂತ ಅಲ್ಲಿನ ಡಾಕ್ಟರ್ ಹೇಳಿದ್ರು, ಬೆಂಗಳೂರಲ್ಲಿ ಮತ್ತೆ ಬ್ಲಡ್ ಟೆಸ್ಟ್ ಮಾಡಿಸೋಕೆ ಬರೆದುಕೊಟ್ರು.

ದೂರ ಹೋಗೋರಿಗಷ್ಟೇ ಇದೆಲ್ಲಾ ಅನ್ಕೋಬೇಡಿ. ಏಪ್ರಿಲ್ ಮೇ ಅಂದ್ರೆ ನಮ್ಮಲ್ಲಿ ಮದುವೆ ಸೀಸನ್ನು, ಹಾಕಿ ಹಬ್ಬ ಬೇರೆ. ವಿರಾಜಪೇಟೆಲೋ ಗೋಣಿಕೊಪ್ಪದಲ್ಲೋ ಕೊಡವ ಸಮಾಜದ ಮುಂದೆ ಸಾಲಾಗಿ ಕಾರ್ ನಿಂತಿರ್ತಾವೆ, ಒಂದಲ್ಲ ಒಂದ್ರಲ್ಲಿ ನಾಯಿ ಇರತ್ತೆ, ಗಾಜು ಎರಡು ಇಂಚು ಇಳಿಸಿರ್ತಾರೆ, ಮರದ ಕೆಳಗೆ ನಿಲ್ಲಿಸಿದೀವಲ್ಲ ಅಂತಾರೆ. ನೆರಳು ಹತ್ತು ನಿಮಿಷಕ್ಕೆ ಜರುಗತ್ತೆ. ಅಮೆರಿಕದ ಪಶುವೈದ್ಯರ ಸಂಘದ ಪಟ್ಟಿ ಪ್ರಕಾರ ಹೊರಗೆ 29 ಡಿಗ್ರಿ ಇದ್ರೆ ನಿಂತ ಕಾರ್ ಒಳಗೆ ಹತ್ತು ನಿಮಿಷಕ್ಕೆ 40, ಅರ್ಧ ಗಂಟೆಗೆ 48. 29 ಅಂದ್ರೆ ನಮ್ಮ ಊರಿನ ಮಾಮೂಲಿ ಏಪ್ರಿಲ್ ಮಧ್ಯಾಹ್ನ! ಗಾಜು ಸ್ವಲ್ಪ ಇಳಿಸಿದ್ರೆ ಏನೂ ವ್ಯತ್ಯಾಸ ಆಗಲ್ಲ. ವಾಲಗ ಕುಣಿದು ಊಟ ಮುಗಿಸಿ ಬರೋಕೆ ಎಷ್ಟು ಹೊತ್ತಾಗತ್ತೆ ಅಂತ ನಿಮಗೇ ಗೊತ್ತು. ಪಿಕಪ್ ಹಿಂದೆ ಹಗ್ಗ ಕಟ್ಟಿ ನಿಲ್ಲಿಸ್ಕೊಂಡು ಹೋಗೋದೂ ನೋಡ್ತೀನಿ, ಕಬ್ಬಿಣದ ತಳ ಕಾದು ಪಾದ ಸುಡತ್ತೆ, ತಿರುವಲ್ಲಿ ಹಾರಿದ್ರೆ ಕುತ್ತಿಗೆಗೆ ಹಗ್ಗ.

ಬಾಡಿಗೆ ಜಾಸ್ತಿ ಆಯ್ತು, ಬಸ್ಸಲ್ಲಿ ಹೋಗಬಹುದಾ ಅಂದ್ರೆ ಹೋಗಬಹುದು. ಸರ್ಕಾರಿ ಕೆಂಪು ಬಸ್ಸಲ್ಲಿ ಟಿಕೆಟ್ ತಗೊಂಡು ಜೊತೆಲಿ ಕೂರಿಸ್ಕೊಂಡು ಹೋಗೋಕೆ ಅವಕಾಶ ಇದೆ, ರಾಜಹಂಸ ಐರಾವತ ತರದ್ರಲ್ಲಿ ಬಿಡಲ್ಲ. ಬೆಳಗಿನ ಮೊದಲ ಬಸ್ಸು, ಕಿಟಕಿ ಪಕ್ಕ, ಇಂಜಿನ್‌ಗೆ ದೂರ. ಮರಿನ ರಟ್ಟಿನ ಡಬ್ಬಿಲಿ ಹಾಕಿ ಪ್ರೈವೇಟ್ ಬಸ್ ಡಿಕ್ಕಿಲಿ ಕಳಿಸಿ ಆ ಕಡೆ ಇಳಿಸ್ಕೊಳ್ಳೋ ವ್ಯವಹಾರ ನಡೀತದೆ, ಅದು ಮಾತ್ರ ಯಾರೂ ಮಾಡಬೇಡಿ, ಗಾಳಿ ಇಲ್ಲ, ಪಕ್ಕದಲ್ಲೇ ಇಂಜಿನ್ ಬಿಸಿ, ಸತ್ತು ಇಳಿದದ್ದನ್ನ ಕಣ್ಣಾರೆ ನೋಡಿದೀನಿ. ರೈಲು ಕೊಡಗಿಗೆ ಇಲ್ವೇ ಇಲ್ಲ, ಮೈಸೂರಿಂದ ಹತ್ತಬೇಕು. ಫಸ್ಟ್ ಕ್ಲಾಸಲ್ಲಿ ಕೂಪೆ ಪೂರ್ತಿ ಬುಕ್ ಮಾಡಿದ್ರೆ ಜೊತೆಲಿ ಇಟ್ಕೋಬಹುದು, ಇಲ್ಲಾಂದ್ರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ, ಬೇಸಿಗೆಲಿ ಆ ಪೆಟ್ಟಿಗೆ ನನಗೆ ಇಷ್ಟ ಇಲ್ಲ.

ತಲುಪಿದ ಮೇಲೆ ತಕ್ಷಣ ಸ್ನಾನ ಬೇಡ, ಹೊಟ್ಟೆ ತುಂಬ ಊಟನೂ ಬೇಡ. ಫ್ಯಾನ್ ಇರೋ ನೆಲದ ಮೇಲೆ ಬಿಡಿ, ಸ್ವಲ್ಪ ಸ್ವಲ್ಪ ನೀರು, ಒಂದೆರಡು ಗಂಟೆ ಬಿಟ್ಟು ಅನ್ನ. ಮೊದಲ ಎರಡು ಮೂರು ವಾರ ವಾಕಿಂಗ್ ಸೂರ್ಯ ಹುಟ್ಟೋ ಮುಂಚೆ ಮತ್ತೆ ರಾತ್ರಿ ಎಂಟಾದ ಮೇಲೆ ಮಾತ್ರ, ಅಲ್ಲಿನ ನಾಯಿಗಳೆಲ್ಲಾ ಐದು ಗಂಟೆಗೇ ಪಾರ್ಕಲ್ಲಿ ಓಡ್ತಾ ಇದಾವೆ ಅಂತ ನಿಮ್ಮದನ್ನೂ ಓಡಿಸಬೇಡಿ. ಹಸ್ಕಿ, ಜರ್ಮನ್ ಶೆಫರ್ಡ್ ತರ ದಟ್ಟ ಕೂದಲು ಇರೋದಕ್ಕೆ ತಂಪಾಗ್ಲಿ ಅಂತ ಬೋಳು ಹೊಡೆಸಬೇಡಿ, ಉದುರೋ ಒಳಗೂದಲು ಬಾಚಿ ತೆಗೆದ್ರೆ ಸಾಕು, ಮೇಲಿನ ಕೂದಲು ಬಿಸಿಲಿಗೂ ಅಡ್ಡ. ಮತ್ತೆ ಬುಕ್ ಮಾಡೋರು ದಯವಿಟ್ಟು ನಾಯಿ ತೂಕ, ವಯಸ್ಸು, ಎತ್ತರ ಮೊದಲೇ ಹೇಳಿ, ಸ್ವಲ್ಪ ದೊಡ್ಡದು ಅಂತ ಹೇಳಿ ಗ್ರೇಟ್ ಡೇನ್ ತಂದು ನಿಲ್ಲಿಸಿದ್ರೆ ನನ್ನ ಗೂಡಲ್ಲಿ ಹಿಡಿಯಲ್ಲ.